ಗೋಡೆಯಾಚೆಯ ಗೋಲು

ನನ್ನ ಮನೆಯಲ್ಲಿ ಗೋಲು ಆಗುವ ಮೊದಲು ಪಕ್ಕದ ಮನೆಯಲ್ಲಿ ಆಗುತ್ತದೆ.

ಅವರದು ಡಿಶ್, ನನ್ನದು ಇಂಟರ್ನೆಟ್. ಅದೇ ಪಂದ್ಯ ಆಕಾಶದಿಂದ ಅವರ ಮನೆಗೆ ನೆಟ್ಟಗೆ ಇಳಿಯುತ್ತದೆ. ನನ್ನ ಮನೆಗೆ ಬರುವಾಗ ಮಾತ್ರ ಎಲ್ಲೆಲ್ಲಿಯದೋ ಕಂಪ್ಯೂಟರುಗಳ ಮುಂದೆ ಸರದಿ ನಿಂತು, ತುಂಡು ತುಂಡಾಗಿ, ಏದುಸಿರು ಬಿಡುತ್ತ ಬರುತ್ತದೆ. ನಡುವಿನ ಅಂತರ 20 ಸೆಕೆಂಡು. ಗಡಿಯಾರ ಹಿಡಿದು ಎಣಿಸಿದ್ದೇನೆ. ಇಪ್ಪತ್ತು ಸೆಕೆಂಡು ಏನು ಮಹಾ ಅನ್ನುವವರು ಫುಟ್‌ಬಾಲ್ ನೋಡಿದವರಲ್ಲ. ನನ್ನ ಪರದೆಯಲ್ಲಿ ಚೆಂಡು ಇನ್ನೂ ಮೈದಾನದ ನಡುವೆ ಯಾರದೋ ಕಾಲಿಗೆ ಸಿಕ್ಕಿಕೊಂಡಿರುತ್ತದೆ. ಅಷ್ಟರಲ್ಲಿ ಗೋಡೆಯಾಚೆಯಿಂದ ಪಕ್ಕದ ಮನೆಯಾತನ ಕೇಕೆ ಕೇಳುತ್ತದೆ. ಆಮೇಲೆ ನಾನು ನೋಡುವುದನ್ನು ಪಂದ್ಯ ಅನ್ನಲಾಗದು. ಅದು ಪಂಚನಾಮೆ.

ಇದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಮೊನ್ನೆ ಗೇಟಿನ ಹತ್ತಿರ ಸಿಕ್ಕಾಗ ಆತ ಕೇಳಿದ, "ಇವತ್ತು ರಾತ್ರಿ ನೀವು ಯಾರ ಕಡೆ?"

"ಯಾರ ಕಡೆಯೂ ಇಲ್ಲ. ಸುಮ್ನೆ ನೋಡ್ತೀನಿ."

"ಹಾಗಂದ್ರೆ ಹೇಗೆ? ನಮ್ಮ ದೇಶ ಆಡ್ತಿಲ್ಲ, ಸರಿ. ಪಕ್ಕದ ದೇಶ ಆಡ್ತಿದೆಯಲ್ಲ! ನಮ್ಮವರು ಇಲ್ಲ ಅಂದ ಮೇಲೆ ಪಕ್ಕದವರಿಗೆ ಸಪೋರ್ಟ್ ಮಾಡೋದು ನಮ್ಮ ಧರ್ಮ ಅಲ್ವಾ?"

ಹೀಗೆ ಹೇಳಿ, ಧರ್ಮ ತಿಳಿಸಿಕೊಟ್ಟ ಸಮಾಧಾನದಲ್ಲಿ ಒಳಗೆ ಹೋದ. ನಾನೂ ಒಳಗೆ ಬಂದು ಮೊದಲು ನಕ್ಷೆ ತೆರೆದು ನೋಡಿದೆ. ಆತ ಹೇಳಿದ ಪಕ್ಕದ ದೇಶಕ್ಕೂ ನಮಗೂ ನಡುವೆ ಇನ್ನೂ ಎರಡು ದೇಶಗಳಿವೆ. ಆ ದೇಶದ ಹೆಸರು ಹೇಳುವುದಿಲ್ಲ. ಅದರದೇನೂ ತಪ್ಪಿಲ್ಲ, ಪಾಪ.

ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಆತ ಗೇಟಿನಲ್ಲಿ ಸಿಗುವ ತನಕ ನಾನು ಆ ತಂಡದ ಕಡೆಯೇ ಇದ್ದೆ. ಅವರ ಎಡಬದಿಯಲ್ಲಿ ಆಡುವ ಒಬ್ಬ ಹುಡುಗನ ಓಟ ನನಗೆ ತುಂಬಾ ಇಷ್ಟ. ಚೆಂಡು ಕಾಲಿಗೆ ಬಂದ ತಕ್ಷಣ ತಲೆ ಬಗ್ಗಿಸಿ ಓಡುತ್ತಾನೆ, ಮನೆಯಲ್ಲಿ ಹಾಲು ಉಕ್ಕುತ್ತಿದೆ ಅನ್ನುವ ಹಾಗೆ. ಆದರೆ "ಧರ್ಮ" ಅಂದನಲ್ಲ, ಅಲ್ಲಿಗೆ ಮುಗಿಯಿತು. ಖುಷಿಗೆ ಪಂದ್ಯ ನೋಡುತ್ತಿದ್ದವನನ್ನು ಎಬ್ಬಿಸಿ ಹಾಜರಿ ಕೂಗಿದ ಹಾಗಾಯಿತು. ಎದುರಾಳಿ ತಂಡದ ಆಟಗಾರರ ಹೆಸರುಗಳನ್ನು ಅದೇ ಸಂಜೆ ಕೂತು ಕಲಿತುಕೊಂಡೆ. ಉಚ್ಚಾರಣೆ ಕಷ್ಟ ಇತ್ತು. ಆದರೂ ಬಿಡಲಿಲ್ಲ.

ಪಕ್ಕದ ದೇಶಕ್ಕೆ ಬೆಂಬಲ ಕೊಡಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಒಂದು ಉತ್ತರ ಇದೆ. ಸ್ಪಷ್ಟವಾದ ಉತ್ತರ. ಹೇಳುತ್ತೇನೆ. ಅದಕ್ಕೆ ಮೊದಲು ಒಂದು ಗಳಿಗೆ ಸ್ಕಾಟ್ಲೆಂಡಿಗೆ ಹೋಗಿ ಬರೋಣ.

ನೆರೆಹೊರೆಯ ವಿಷಯದಲ್ಲಿ ಸ್ಕಾಟ್ಲೆಂಡಿನವರು ಪಂಡಿತರು. ನೆಲದ ಗಡಿ ಹಂಚಿಕೊಂಡ ನೆರೆಯವರು ಅವರಿಗೆ ಒಬ್ಬರೇ, ಇಂಗ್ಲೆಂಡಿನವರು. ಬದಲಾಯಿಸಿಕೊಳ್ಳಲು ಬೇರೆ ಯಾರೂ ಇಲ್ಲ. ಜಗತ್ತಿನ ಮೊದಲ ಅಧಿಕೃತ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯ ನಡೆದದ್ದು ಇವರಿಬ್ಬರ ನಡುವೆಯೇ. 1872ರ ನವೆಂಬರ್ 30, ಗ್ಲಾಸ್ಗೋದ ಒಂದು ಕ್ರಿಕೆಟ್ ಮೈದಾನ. ಸ್ಕಾಟ್ಲೆಂಡಿನ ಹನ್ನೊಂದೂ ಜನ ಕ್ವೀನ್ಸ್ ಪಾರ್ಕ್ ಅನ್ನುವ ಒಂದೇ ಕ್ಲಬ್ಬಿನವರು. ಫಲಿತಾಂಶ 0-0. ಅಂದರೆ ದೇಶ ದೇಶಗಳು ಫುಟ್‌ಬಾಲ್ ಆಡಲು ಶುರು ಮಾಡಿದ್ದೇ ಪಕ್ಕದವನಿಗೆ ಒಂದು ಗೋಲನ್ನೂ ಬಿಟ್ಟುಕೊಡಬಾರದು ಅಂತ.

1966ರ ಜುಲೈ 30ರಂದು ಇಂಗ್ಲೆಂಡ್ ವಿಶ್ವಕಪ್ ಗೆದ್ದಿತು. ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ, ಪಶ್ಚಿಮ ಜರ್ಮನಿಯ ಎದುರು, 4-2. ಆ ಮಧ್ಯಾಹ್ನ ಡೆನಿಸ್ ಲಾ ಏನು ಮಾಡುತ್ತಿದ್ದ? ಸ್ಕಾಟ್ಲೆಂಡಿನ ಮಹಾನ್ ಆಟಗಾರ. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಬಾಬಿ ಚಾರ್ಲ್‌ಟನ್‌ನ ಜೊತೆಗಾರ. ಆ ಚಾರ್ಲ್‌ಟನ್ ಅದೇ ಹೊತ್ತಿಗೆ ಫೈನಲ್ ಆಡುತ್ತಿದ್ದಾನೆ. ಲಾ ಗಾಲ್ಫ್ ಆಡಲು ಹೋಗಿದ್ದ. ಪಂದ್ಯ ಕಣ್ಣಿಗೆ ಬೀಳಬಾರದು ಅಂತಲೇ ಹೋಗಿದ್ದ. ವಾಪಸು ಬಂದಾಗ ಸುದ್ದಿ ಕಾಯುತ್ತಿತ್ತು. ಅವನ ದಿನ ಹಾಳಾಯಿತು. ನನಗೆ ಈ ಮನುಷ್ಯನ ಮೇಲೆ ವಿಶೇಷ ಗೌರವ. ಜೊತೆಗಾರ ಗೆದ್ದನಲ್ಲ ಅಂತ ಖುಷಿಪಡುವ ದೊಡ್ಡತನವನ್ನು ಅವನು ನಟಿಸಲೂ ಇಲ್ಲ.

(ನಡುವೆ ಒಂದು ಮಾತು. ಮೊದಲ ವಿಶ್ವಕಪ್ಪಿನ ಫೈನಲ್ ಕೂಡ ಜುಲೈ 30ರಂದೇ ನಡೆದದ್ದು, 1930ರಲ್ಲಿ. ಆಗಲೂ 4-2. ಆಗಲೂ ಪಕ್ಕಪಕ್ಕದವರೇ, ಉರುಗ್ವೆ ಮತ್ತು ಅರ್ಜೆಂಟೀನಾ. ಯಾರ ಚೆಂಡಿನಲ್ಲಿ ಆಡುವುದು ಅಂತ ಜಗಳ ಬಂದು, ಮೊದಲರ್ಧಕ್ಕೆ ಅವರ ಚೆಂಡು, ಉಳಿದರ್ಧಕ್ಕೆ ಇವರ ಚೆಂಡು ಅಂತ ತೀರ್ಮಾನ ಆಯಿತು. ಅರ್ಜೆಂಟೀನಾ ತನ್ನ ಚೆಂಡಿನಲ್ಲಿ 2-1ರಿಂದ ಮುಂದಿತ್ತು. ಉರುಗ್ವೆ ತನ್ನ ಚೆಂಡಿನಲ್ಲಿ ಮೂರು ಹೊಡೆದು ಕಪ್ ಇಟ್ಟುಕೊಂಡಿತು. ಎರಡು ನಾಡುಗಳ ನಡುವೆ ಇರುವುದು ಒಂದು ನದಿ.)

ಸ್ಕಾಟ್ಲೆಂಡಿಗೆ ವಾಪಸು ಬರೋಣ. ಮರುವರ್ಷ, 1967ರ ಏಪ್ರಿಲ್‌ನಲ್ಲಿ, ಅವರು ಅದೇ ವೆಂಬ್ಲಿಗೆ ಹೋಗಿ ಇಂಗ್ಲೆಂಡನ್ನು 3-2ರಿಂದ ಸೋಲಿಸಿದರು. ವಿಶ್ವಕಪ್ ಗೆದ್ದ ಮೇಲೆ ಇಂಗ್ಲೆಂಡಿಗೆ ಅದು ಮೊದಲ ಸೋಲು. ಪಂದ್ಯದ ನಡುವೆ ಸ್ಕಾಟ್ಲೆಂಡಿನ ಜಿಮ್ ಬ್ಯಾಕ್ಸ್‌ಟರ್ ಚೆಂಡನ್ನು ನೆಲಕ್ಕೆ ಬೀಳಿಸದೆ ಕಾಲಲ್ಲಿ ತಟ್ಟುತ್ತ ಆರಾಮಾಗಿ ನಡೆದುಕೊಂಡು ಹೋದ. ಹಾಗೆ ಮಾಡುವುದರಿಂದ ಗೋಲು ಬರುವುದಿಲ್ಲ. ಬೇರೆ ಏನೋ ಬರುತ್ತದೆ. ವಿಶ್ವಚಾಂಪಿಯನ್ನರನ್ನು ಸೋಲಿಸಿದ ಮೇಲೆ ಈಗ ನಾವೇ ವಿಶ್ವಚಾಂಪಿಯನ್ನರು ಅಂತ ಅಭಿಮಾನಿಗಳು ಘೋಷಿಸಿಕೊಂಡರು. ಲೆಕ್ಕ ತಪ್ಪು ಅಂತ ಹೇಳುವುದು ಕಷ್ಟ. 1977ರಲ್ಲಿ ಅಲ್ಲಿಯೇ 2-1ರಿಂದ ಗೆದ್ದಾಗ ಅಭಿಮಾನಿಗಳು ಮೈದಾನಕ್ಕೆ ನುಗ್ಗಿದರು. ಗೋಲುಕಂಬ ಮುರಿದರು. ಹುಲ್ಲನ್ನು ಮಣ್ಣಿನ ಸಮೇತ ಕಿತ್ತುಕೊಂಡು ಮನೆಗೆ ಒಯ್ದರು. ಉಂಡೂ ಹೋದ, ಕೊಂಡೂ ಹೋದ ಅನ್ನುತ್ತಾರಲ್ಲ, ಹಾಗೆ.

ಇಷ್ಟೆಲ್ಲ ಹೇಳಿದ್ದು 2006ಕ್ಕೆ ಬರಲು. ಆ ವರ್ಷದ ವಿಶ್ವಕಪ್ಪಿಗೆ ಇಂಗ್ಲೆಂಡ್ ಹೋಗಿತ್ತು, ಸ್ಕಾಟ್ಲೆಂಡ್ ಹೋಗಿರಲಿಲ್ಲ. ನನ್ನ ಪಕ್ಕದ ಮನೆಯವನ ಧರ್ಮಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕೇ? ಸ್ಕಾಟ್ಲೆಂಡಿನ ಟೆನಿಸ್ ಆಟಗಾರ ಆಂಡಿ ಮರ್ರೆಗೆ ಆಗ 19 ವರ್ಷ. ಯಾರಿಗೆ ಬೆಂಬಲ ಅಂತ ಸಂದರ್ಶನದಲ್ಲಿ ಯಾರೋ ಕೇಳಿದರು. ಸ್ಕಾಟ್ಲೆಂಡ್ ಇಲ್ಲದ್ದಕ್ಕೆ ಆಗಲೇ ಅವನ ಕಾಲೆಳೆಯುತ್ತಿದ್ದರು. ಇಂಗ್ಲೆಂಡ್ ಎದುರು ಯಾರು ಆಡುತ್ತಾರೋ ಅವರಿಗೆ ಅಂದ. ತಮಾಷೆಗೆ. ಆ ಒಂದು ತಮಾಷೆ ಅವನನ್ನು ವರ್ಷಗಟ್ಟಲೆ ಬಿಡಲಿಲ್ಲ. ಆಮೇಲೆ ವಿಂಬಲ್ಡನ್ ಗೆದ್ದ, ಒಲಿಂಪಿಕ್ ಚಿನ್ನ ಗೆದ್ದ. ಆದರೂ "ಅವತ್ತು ಹಾಗಂದಿದ್ದಿರಲ್ಲ" ಅನ್ನುವವರು ಇದ್ದೇ ಇದ್ದರು. ಧರ್ಮ ಕಾಯುವವರ ಜ್ಞಾಪಕಶಕ್ತಿ ದೊಡ್ಡದು. ತಮಾಷೆ ಅರ್ಥವಾಗುವ ನರ ಮಾತ್ರ ಅವರಲ್ಲಿ ಇರುವುದಿಲ್ಲ.

ಮರ್ರೆ ಹುಡುಗ, ಬಿಡಿ. ಆಗ ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥರಾಗಿದ್ದ ಜಾಕ್ ಮೆಕಾನೆಲ್ ಅವರೇ ನಾನು ಇಂಗ್ಲೆಂಡಿಗೆ ಬೆಂಬಲ ಕೊಡುವುದಿಲ್ಲ ಅಂದುಬಿಟ್ಟರು. ಮತ್ತೆ ಯಾರಿಗೆ? ಟ್ರಿನಿಡಾಡ್ ಮತ್ತು ಟೊಬ್ಯಾಗೊಗೆ.

ಇಲ್ಲಿಂದ ಕತೆ ಸೊಗಸಾಗುತ್ತದೆ. ಟ್ರಿನಿಡಾಡ್ ಗ್ಲಾಸ್ಗೋದಿಂದ ಸುಮಾರು 7,000 ಕಿಲೋಮೀಟರ್ ದೂರ. ಸಣ್ಣ ದೇಶ, ಅವರಿಗೆ ಅದು ಮೊದಲ ವಿಶ್ವಕಪ್. ಆದರೆ ಇಂಗ್ಲೆಂಡಿನ ಗುಂಪಿನಲ್ಲಿತ್ತು, ಅದೇ ದೊಡ್ಡ ಅರ್ಹತೆ. ಇನ್ನೊಂದು ಅರ್ಹತೆ ಎಂದರೆ ಅವರ ಕೆಲವು ಆಟಗಾರರು ಹೊಟ್ಟೆಪಾಡಿಗೆ ಆಡುತ್ತಿದ್ದದ್ದು ಸ್ಕಾಟ್ಲೆಂಡಿನ ಕ್ಲಬ್ಬುಗಳಲ್ಲಿ. ಅವರಲ್ಲಿ ಸೇಂಟ್ ಜಾನ್‌ಸ್ಟನ್ ಕ್ಲಬ್ಬಿಗೆ ಆಡುತ್ತಿದ್ದ ಒಬ್ಬ ಮುಂಪಡೆ ಆಟಗಾರ ಇದ್ದ. ಅವನ ಹೆಸರು ಜೇಸನ್ ಸ್ಕಾಟ್ಲೆಂಡ್.

ನಾನು ಕಟ್ಟಿದ ಕತೆ ಅಲ್ಲ. ಅವನ ಹೆಸರೇ ಅದು. ವಿಶ್ವಕಪ್ಪಿಗೆ ಬಾರದ ಸ್ಕಾಟ್ಲೆಂಡ್ ಹೀಗೆ ಟ್ರಿನಿಡಾಡಿನ ಒಬ್ಬನ ಬೆನ್ನ ಮೇಲೆ ಕೂತು ವಿಶ್ವಕಪ್ಪಿಗೆ ಬಂತು. ಕೆಂಪು ಅಂಗಿ, ಹಿಂದೆ ದೊಡ್ಡ ಅಕ್ಷರದಲ್ಲಿ ಸ್ಕಾಟ್ಲೆಂಡ್. ಆ ಅಂಗಿಗೆ ಸ್ಕಾಟ್ಲೆಂಡಿನಲ್ಲಿ ಎಲ್ಲಿಲ್ಲದ ಬೇಡಿಕೆ ಬಂತು. ಯಾಕೆ ಬರುವುದಿಲ್ಲ? ತನ್ನ ದೇಶದ ಹೆಸರಿರುವ ಬೇರೆ ದೇಶದ ಅಂಗಿ ಹಾಕಿಕೊಂಡು, ಪಕ್ಕದ ದೇಶ ಸೋಲಲಿ ಅಂತ ಹಾರೈಸುವ ಭಾಗ್ಯ ಎಷ್ಟು ಜನರಿಗೆ ಸಿಕ್ಕೀತು!

2006ರ ಜೂನ್ 15, ನ್ಯೂರೆಂಬರ್ಗ್. ಇಂಗ್ಲೆಂಡ್ ಒಂದು ಕಡೆ, ಟ್ರಿನಿಡಾಡ್ ಇನ್ನೊಂದು ಕಡೆ. ಮೊದಲರ್ಧದ ಕೊನೆಯಲ್ಲಿ ಟ್ರಿನಿಡಾಡಿನ ಸ್ಟರ್ನ್ ಜಾನ್ ತಲೆಯಿಂದ ನೂಕಿದ ಚೆಂಡು ಇನ್ನೇನು ಗೋಲಿನ ಗೆರೆ ದಾಟಬೇಕು, ಇಂಗ್ಲೆಂಡಿನ ಜಾನ್ ಟೆರಿ ಎಲ್ಲಿಂದಲೋ ಬಂದು ಒದ್ದು ಆಚೆ ಹಾಕಿದ. ಒಂದು ಗಂಟೆ ಕಳೆಯಿತು, ಗೋಲಿಲ್ಲ. 80 ನಿಮಿಷ ಕಳೆಯಿತು, ಗೋಲಿಲ್ಲ. 83ನೇ ನಿಮಿಷದಲ್ಲಿ ಬೆಕಮ್ ಚೆಂಡನ್ನು ತೇಲಿಸಿ ಕಳಿಸಿದ. ಪೀಟರ್ ಕ್ರೌಚ್ ಮೇಲೆ ಹಾರಿ ತಲೆ ಕೊಟ್ಟ. ಹಾರುವಾಗ ಎದುರಾಳಿ ಬ್ರೆಂಟ್ ಸ್ಯಾಂಚೋನ ಜಡೆ ಅವನ ಕೈಯಲ್ಲಿತ್ತು. ಚಿತ್ರಗಳಲ್ಲಿ ನಿಚ್ಚಳವಾಗಿ ಕಾಣುತ್ತದೆ. ರೆಫರಿಗೆ ಕಾಣಲಿಲ್ಲ. ಕೊನೆಗೆ ಜೆರಾರ್ಡ್ ಇನ್ನೊಂದು ಹೊಡೆದ. 2-0.

ಜಡೆ ಎಳೆದು ಹಾಕಿದ ಗೋಲು! ಸ್ಕಾಟ್ಲೆಂಡಿನ ಸಂಬಂಧ ಏನೇನೂ ಇಲ್ಲದ ನನಗೇ ಇಷ್ಟು ಉರಿಯುತ್ತದೆ ಅಂದಮೇಲೆ, ಆ ಅಂಗಿ ತೊಟ್ಟು ಕೂತವರಿಗೆ ಹೇಗಾಗಿರಬೇಡ. ಜೇಸನ್ ಸ್ಕಾಟ್ಲೆಂಡ್ ಬಗ್ಗೆ ಇಷ್ಟು ಬರೆಯಬೇಕು ಅಂತ ನಾನೇನೂ ಅಂದುಕೊಂಡಿರಲಿಲ್ಲ. ಆದರೆ ಬಿಡಲಾಗುವುದಿಲ್ಲ ನೋಡಿ. ಅವನ ಹೆಸರು ಜೇಸನ್ ಇಂಗ್ಲೆಂಡ್ ಆಗಿದ್ದಿದ್ದರೆ ಏನಾಗುತ್ತಿತ್ತು ಅಂತ ಒಂದು ರಾತ್ರಿ ಬಹಳ ಹೊತ್ತು ಯೋಚಿಸಿದ್ದೇನೆ.

ಇಂಥ ಸಂಬಂಧಕ್ಕೆ ಕನ್ನಡದಲ್ಲಿ ಒಳ್ಳೆಯ ಮಾತಿದೆ, ದಾಯಾದಿ. ದಾಯಾದಿ ಗೆದ್ದರೆ ಅಭಿನಂದನೆ ಹೇಳಲು ಹೋಗಬೇಕು. ಸೋತರೆ ಸಮಾಧಾನ ಹೇಳಲು ಹೋಗಬೇಕು. ಎರಡನೆಯದಕ್ಕೆ ಹೋಗುವಾಗ ಕಾಲು ಸ್ವಲ್ಪ ಚುರುಕಾಗಿ ಬೀಳುತ್ತದೆ, ಅಷ್ಟೇ. ಜಾಸ್ತಿ ಕೆಟ್ಟವರೇನೂ ಅಲ್ಲ ನಾವು.

ಬ್ರೆಜಿಲಿನವರನ್ನು ನೋಡಿ. 2014ರ ಜುಲೈ 8ರಂದು ಅವರ ಸ್ವಂತ ನೆಲದಲ್ಲಿ ಜರ್ಮನಿ ಅವರಿಗೆ ಏಳು ಗೋಲು ಹೊಡೆಯಿತು. 7-1. ಅರ್ಧ ಗಂಟೆ ಆಗುವಷ್ಟರಲ್ಲಿ ಐದು. ಕ್ರೀಡಾಂಗಣದಲ್ಲಿ ಮಕ್ಕಳು ಅತ್ತರು, ದೊಡ್ಡವರೂ ಅತ್ತರು. ಐದು ದಿನ ಕಳೆದು ರಿಯೋದ ಮಾರಕಾನಾ ಕ್ರೀಡಾಂಗಣದಲ್ಲಿ ಫೈನಲ್. ಅದೇ ಜರ್ಮನಿ ಒಂದು ಕಡೆ, ಪಕ್ಕದ ಅರ್ಜೆಂಟೀನಾ ಇನ್ನೊಂದು ಕಡೆ. ಧರ್ಮದ ಪ್ರಕಾರ ಬ್ರೆಜಿಲಿನವರು ಯಾರಿಗೆ ಜೈ ಅನ್ನಬೇಕು? ನೆರೆಯವರು, ಒಂದೇ ಖಂಡದವರು, ಮೇಲಾಗಿ ನಮ್ಮ ಸೇಡು ತೀರಿಸಬಲ್ಲವರು. ಬಹಳಷ್ಟು ಜನ ಜರ್ಮನಿಗೆ ಜೈ ಅಂದರು. ಏಳು ಏಟು ಕೊಟ್ಟವನ ಬೆನ್ನು ತಟ್ಟಿದರು. ಗ್ಯೋಟ್ಸೆ 113ನೇ ನಿಮಿಷದಲ್ಲಿ ಗೋಲು ಹೊಡೆದಾಗ ಕುಣಿದರು. ಪಕ್ಕದವನಿಗೆ ಎರಡು ಕಣ್ಣು ಹೋಗಲಿ ಅಂತ ತನ್ನ ಒಂದು ಕಣ್ಣು ಕೇಳಿ ಕಳೆದುಕೊಂಡವನ ಕತೆ ನಾವೆಲ್ಲ ಕೇಳಿದ್ದೇವೆ. ಆ ಕತೆಯಲ್ಲಿ ಅವನು ಕುಣಿದನೇ ಇಲ್ಲವೇ ಅಂತ ಯಾರೂ ಹೇಳುವುದಿಲ್ಲ. ಕುಣಿದಿರುತ್ತಾನೆ. ಅರ್ಜೆಂಟೀನಾದವರೂ ಏನು ಕಮ್ಮಿ ಇರಲಿಲ್ಲ. ಅಷ್ಟೂ ದಿನ ಬ್ರೆಜಿಲಿನ ಬೀದಿಗಳಲ್ಲೇ ನಿಂತು, ಒಂದರಿಂದ ಏಳರ ತನಕ ಎಣಿಸಿ ಹಾಡುತ್ತಿದ್ದರು.

ಪಕ್ಕಪಕ್ಕದವರು ಹೊಂದಿಕೊಂಡು ಹೋದರೆ ಎಷ್ಟು ಚೆನ್ನ ಅನ್ನುವವರು ಇನ್ನೊಂದು ಪಂದ್ಯ ನೋಡಬೇಕು. ಆಸ್ಟ್ರಿಯಾ ಮತ್ತು ಪಶ್ಚಿಮ ಜರ್ಮನಿ. 1978ರ ವಿಶ್ವಕಪ್ಪಿನಲ್ಲಿ, ಕೊರ್ಡೊಬಾ ಅನ್ನುವ ಊರಿನಲ್ಲಿ, ಆಸ್ಟ್ರಿಯಾ 3-2ರಿಂದ ಗೆದ್ದಿತ್ತು. ಆ ಹೊತ್ತಿಗೆ ಆಸ್ಟ್ರಿಯಾ ಫೈನಲ್ ತಲುಪುವ ಆಸೆ ಕಳೆದುಕೊಂಡಿತ್ತು. ತಾನು ಮನೆಗೆ ಹೋಗುವಾಗ ಪಕ್ಕದವನ ಕೈಯನ್ನೂ ಹಿಡಿದುಕೊಂಡು ಹೋಯಿತು. 47 ವರ್ಷ ಕಾದ ಗೆಲುವು ಅದು. ರೇಡಿಯೋದಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದ ಎಡಿ ಫಿಂಗರ್ ನನಗೆ ಹುಚ್ಚು ಹಿಡಿಯುತ್ತಿದೆ ಅಂತ ಕೂಗಿದ್ದನ್ನು ಆಸ್ಟ್ರಿಯಾದವರು ಇವತ್ತಿಗೂ ಮರೆತಿಲ್ಲ.

ಅದಾಗಿ ನಾಲ್ಕು ವರ್ಷ. 1982ರ ಜೂನ್ 25, ಸ್ಪೇನ್ ದೇಶದ ಹಿಹೋನ್. ಮತ್ತೆ ಅವರಿಬ್ಬರೇ. ಅದೇ ಗುಂಪಿನ ಅಲ್ಜೀರಿಯಾ, ಮೊದಲ ಪಂದ್ಯದಲ್ಲಿ ಪಶ್ಚಿಮ ಜರ್ಮನಿಯನ್ನೇ ಸೋಲಿಸಿದ್ದ ಅಲ್ಜೀರಿಯಾ, ತನ್ನ ಪಂದ್ಯಗಳನ್ನು ಹಿಂದಿನ ದಿನವೇ ಮುಗಿಸಿ ಕೂತಿತ್ತು. ಜರ್ಮನಿ ಒಂದೋ ಎರಡೋ ಗೋಲಿನಿಂದ ಗೆದ್ದರೆ ನೆರೆಯವರಿಬ್ಬರೂ ಮುಂದಕ್ಕೆ, ಅಲ್ಜೀರಿಯಾ ಮನೆಗೆ. ಹತ್ತನೇ ನಿಮಿಷದಲ್ಲಿ ಜರ್ಮನಿಯ ಹ್ರುಬೆಶ್ ಗೋಲು ಹೊಡೆದ. ಅಲ್ಲಿಗೆ ಆಟ ಮುಗಿಯಿತು. ಉಳಿದ 80 ನಿಮಿಷ ಚೆಂಡನ್ನು ಅವನು ಇವನಿಗೆ ಕೊಟ್ಟ, ಇವನು ಅವನಿಗೆ ಕೊಟ್ಟ. ಮದುವೆಮನೆಯಲ್ಲಿ "ನೀವು ಮೊದಲು, ನೀವು ಮೊದಲು" ಅಂತ ಉಪಚಾರ ನಡೆಯುತ್ತದಲ್ಲ, ಹಾಗೆ. ಅಲ್ಜೀರಿಯಾದ ಅಭಿಮಾನಿಗಳು ಬೇಲಿಯ ಆಚೆಯಿಂದ ನೋಟು ಬೀಸಿ ತೋರಿಸಿದರು. ಆಸ್ಟ್ರಿಯಾದ ಟಿವಿ ವಿವರಣೆಕಾರ ಟಿವಿ ಆಫ್ ಮಾಡಿ ಅಂತ ನೋಡುಗರಿಗೇ ಹೇಳಿದ. ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಈಗ ಒಂದೇ ಹೊತ್ತಿಗೆ ಆಡಿಸುತ್ತಾರಲ್ಲ, ಅದು ಶುರುವಾದದ್ದು ಈ ನೆರೆಹೊರೆಯ ಸ್ನೇಹದಿಂದಲೇ.

ಜರ್ಮನಿ ಮತ್ತು ಹಾಲೆಂಡಿನವರದು ಇನ್ನೊಂದು ಬಗೆ. 1990ರಲ್ಲಿ ಮಿಲಾನ್‌ನಲ್ಲಿ ಹಾಲೆಂಡಿನ ರೈಕಾರ್ಡ್ ಜರ್ಮನಿಯ ಫೆಲ್ಲರ್‌ನ ಗುಂಗುರು ಕೂದಲಿಗೆ ಉಗಿದ. ಒಂದಲ್ಲ, ಎರಡು ಸಲ. ಇಬ್ಬರನ್ನೂ ಹೊರಗೆ ಹಾಕಿದರು. ಉಗಿಸಿಕೊಂಡವನನ್ನು ಯಾಕೆ ಹೊರಗೆ ಹಾಕಿದರೋ ದೇವರೇ ಬಲ್ಲ. ಕೆಲವು ವರ್ಷಗಳಾದ ಮೇಲೆ ಇಬ್ಬರೂ ಸ್ನಾನದ ನಿಲುವಂಗಿ ತೊಟ್ಟು, ಒಂದು ಜಾಹೀರಾತಿನಲ್ಲಿ ಜೊತೆಗೆ ಕೂತರು. ಜಾಹೀರಾತು ಬೆಣ್ಣೆಯದು. ಬೆಣ್ಣೆ ಹಚ್ಚುವುದು ಅಂತ ನಮ್ಮಲ್ಲಿ ಸುಮ್ನೆ ಅನ್ನುತ್ತೇವೆ. ಅವರು ನಿಜವಾಗಿಯೂ ಹಚ್ಚಿಕೊಂಡರು.

ಉತ್ತರ ಹೇಳುತ್ತೇನೆ ಅಂದಿದ್ದೆ. ಹೇಳಬೇಕು ಅಂತಲೇ ಆ ರಾತ್ರಿ ಪಂದ್ಯದ ವಿರಾಮದಲ್ಲಿ ಒಂದು ಕಾಗದ ತೆಗೆದುಕೊಂಡು ಕೂತೆ. "ನೆರೆಯವರಿಗೆ ಬೆಂಬಲ ಕೊಡಬಹುದಾದ ಸಂದರ್ಭಗಳು" ಅಂತ ತಲೆಬರಹ ಬರೆದು ಕೆಳಗೆ ಗೆರೆ ಎಳೆದೆ. ಒಂದು ಅಂತ ಬರೆದೆ. ಅಷ್ಟರಲ್ಲಿ ಗೋಡೆಯಾಚೆ ಪಂದ್ಯ ಶುರುವಾಯಿತು. ನನ್ನದು ಶುರುವಾಗಲು ಇನ್ನೂ 20 ಸೆಕೆಂಡು ಇತ್ತು. ಆ ಇಪ್ಪತ್ತು ಸೆಕೆಂಡಿನಲ್ಲಿ ಉತ್ತರ ಬರೆಯಬಹುದಿತ್ತೋ ಏನೋ. ಆದರೆ ನಾನು ಗೋಡೆಗೆ ಕಿವಿ ಕೊಟ್ಟು ಕೂತಿದ್ದೆ.

ಪಂದ್ಯ 1-1. ಹೆಚ್ಚುವರಿ ಅರ್ಧ ಗಂಟೆಯೂ ಮುಗಿಯಿತು. ಪೆನಾಲ್ಟಿ ಶೂಟೌಟ್. ಗೋಡೆ ಇರುವವನಿಗೆ ಶೂಟೌಟಿನಂಥ ಶಿಕ್ಷೆ ಇನ್ನೊಂದಿಲ್ಲ. ಆಟಗಾರ ನಡುಗೆರೆಯಿಂದ ಹೊರಡುವ ಮೊದಲೇ ಅವನ ಹಣೆಬರಹ ನನಗೆ ಗೊತ್ತಾಗಿರುತ್ತದೆ. ಟಿವಿಯ ಸದ್ದು ಜಾಸ್ತಿ ಮಾಡಿದೆ. ಆತನೂ ಮಾಡಿದ. ನಾಲ್ಕು ನಾಲ್ಕು ಕಿಕ್ ಮುಗಿದಾಗ ಎದುರಾಳಿಗಳು, ಅಂದರೆ ಸಂಜೆಯಿಂದ ನನ್ನವರು, ನಾಲ್ಕನ್ನೂ ಹೊಡೆದಿದ್ದರು. ಆತನ ಪಕ್ಕದ ದೇಶದವರು ಮೂರು. ಐದನೆಯದು ತಪ್ಪಿದರೆ ಕತೆ ಮುಗಿಯಿತು.

ಐದನೆಯದಕ್ಕೆ ಬಂದವನು ಎಡಬದಿಯ ಹುಡುಗ.

ಗೋಡೆಯಾಚೆ ಸದ್ದೇ ಇರಲಿಲ್ಲ. ಆಮೇಲೆ "ಅಯ್ಯಯ್ಯೋ!" ಕುರ್ಚಿ ಹಿಂದಕ್ಕೆ ಸರಿದ ಸದ್ದು. ಏನೋ ನೆಲಕ್ಕೆ ಬಿದ್ದ ಸದ್ದು. ನನಗೆ ಎಂಥ ಖುಷಿಯಾಯಿತು ಅಂದರೆ ಎದ್ದು ನಿಂತುಬಿಟ್ಟೆ. "ಹಾಗೇ ಆಗಬೇಕು" ಅಂತ ಗೋಡೆಗೆ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿರಬೇಕು.

ತಿರುಗಿ ಪರದೆ ನೋಡಿದೆ. ಹುಡುಗ ಇನ್ನೂ ಚೆಂಡನ್ನು ನೆಲದ ಮೇಲೆ ಇಡುತ್ತಿದ್ದ. ಸರಿ ಕೂತಿಲ್ಲ ಅಂತ ಇನ್ನೊಂದು ಸಲ ತಿರುಗಿಸಿ ಇಟ್ಟ. ಹಿಂದೆ ಹಿಂದೆ ನಾಲ್ಕು ಹೆಜ್ಜೆ ಹೋದ. ಸೊಂಟದ ಮೇಲೆ ಕೈ ಇಟ್ಟು, ಗೋಲಿಯ ಕಡೆ ಒಂದು ಸಲ, ಆಕಾಶದ ಕಡೆ ಒಂದು ಸಲ ನೋಡಿದ. ಮುಖದಲ್ಲಿ ಹೆದರಿಕೆಯ ಸುಳಿವೇ ಇರಲಿಲ್ಲ. ನಾನು ಕೂತುಕೊಂಡೆ. ಇನ್ನೂ ಆರೇಳು ಸೆಕೆಂಡು ಬಾಕಿ ಇತ್ತು.